ಎರಡು ನೆರಳು

ಎರಡು ವರ್ಷಗಳ ಹಿಂದೆ ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ, ಅಕ್ಟೋಬರ್ ತಿಂಗಳ ಒಂದು ಮಧ್ಯಾಹ್ನ, ಟೆಕ್ಸಸ್ ರಾಜ್ಯದ ಡಲ್ಲಾಸ್ ನಗರದ ನ್ಯಾಶರ್ ಶಿಲ್ಪಕಲಾ ಕೇಂದ್ರದ ತೋಟದಲ್ಲಿ ಹೆನ್ರಿ ಮೂರ್ ಅವರ ಕಂಚಿನ ಶಿಲ್ಪವೊಂದರ ಎದುರು ನಿಂತಿದ್ದೆ. ‘ಅಪ್ಪಾ, ನಿನ್ನ ಕಾಲ ಹತ್ತಿರ ನೋಡು’ ಎಂದಳು ಮಗಳು. ನೋಡಿದೆ. ಹುಲ್ಲಿನ ಮೇಲೆ ನನಗೆ ಎರಡು ನೆರಳುಗಳಿದ್ದವು. ಒಂದು ಕಡುಗಪ್ಪಾಗಿ, ಅಂಚು ಚೊಕ್ಕವಾಗಿ, ಸೂರ್ಯನಿಗೆ ಬೆನ್ನು ಮಾಡಿ ಬಿದ್ದಿತ್ತು. ಇನ್ನೊಂದು ತುಸು ತೆಳುವಾಗಿ, ಸೂರ್ಯನ ಕಡೆಗೇ ಚಾಚಿಕೊಂಡಿತ್ತು. ಸೂರ್ಯ ಇರುವ ದಿಕ್ಕಿಗೇ ನೆರಳು ಬೀಳುವುದನ್ನು ನನ್ನ 65 ವರ್ಷದ ಬದುಕಿನಲ್ಲಿ ನಾನು ಕಂಡಿರಲಿಲ್ಲ. ಹಿಂದಕ್ಕೆ ತಿರುಗಿ ತಲೆಯೆತ್ತಿದರೆ ಕಣ್ಣು ಬಿಡಲಾಗಲಿಲ್ಲ. ರಸ್ತೆಯಾಚೆ 42 ಅಂತಸ್ತಿನ ಗಾಜಿನ ಗೋಪುರವೊಂದು ನಿಂತಿತ್ತು. ಅದರ ಬಾಗಿದ ಮೈಯಲ್ಲಿ ಇನ್ನೊಬ್ಬ ಸೂರ್ಯನಿದ್ದ.

ಮತ್ತೆ ಶಿಲ್ಪದ ಕಡೆ ತಿರುಗಿದಾಗ ನನಗೆ ಇನ್ನೊಂದು ಸಂಗತಿ ಹೊಳೆಯಿತು. ಕಂಚಿನ ಆ ಉಬ್ಬುತಗ್ಗುಗಳು ಕಣ್ಣಿಗೆ ಸರಿಯಾಗಿ ಸಿಗುತ್ತಿರಲಿಲ್ಲ. ಶಿಲ್ಪದ ಒಂದು ಬದಿ ಬೆಳಕಿನಲ್ಲಿದ್ದು ಇನ್ನೊಂದು ಬದಿ ಕತ್ತಲಿಗೆ ಜಾರುತ್ತ ಹೋದರೆ ಮಾತ್ರ ಅದರ ತುಂಬುತನ ನಮಗೆ ಕಾಣುತ್ತದೆ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೆ ನಡುಹಗಲಿನಲ್ಲಿ ಹೋದವರಿಗೆ ಗೋಡೆಯ ಕೆತ್ತನೆಗಳು ಬಿಸಿಲಿಗೆ ಚಪ್ಪಟೆಯಾಗಿ ಕಾಣುತ್ತವೆ. ಅದೇ ಇಳಿಬಿಸಿಲಿನಲ್ಲಿ ಹೋದವರಿಗೆ ಕಲ್ಲಿನ ಆನೆ ಹೆಜ್ಜೆ ಎತ್ತಿಡುವಂತೆ ಕಾಣುತ್ತದೆ. ಇಲ್ಲಿ ಎರಡೂ ಬದಿಯಿಂದ ಬೆಳಕು ಬಿದ್ದು, ನೆರಳಿರಬೇಕಾದ ಮೈಯೂ ಹೊಳೆದು, ಆ ದೊಡ್ಡ ಕಲಾವಿದ ಕೈಯಾರೆ ಮಾಡಿದ ಕತ್ತಲೆ ಅಳಿಸಿಹೋಗಿತ್ತು.

ಗೋಪುರದ ಹೆಸರು ಮ್ಯೂಸಿಯಂ ಟವರ್. ಎತ್ತರ 560 ಅಡಿ, ಒಳಗೆ ನೂರಕ್ಕೂ ಹೆಚ್ಚು ಐಷಾರಾಮಿ ಮನೆಗಳು. ಅದು ನಿಂತಿರುವುದು ಡಲ್ಲಾಸ್ ನಗರ ದಶಕಗಟ್ಟಲೆ ಶ್ರಮಿಸಿ ಕಟ್ಟಿಕೊಂಡ ಕಲಾ ಬಡಾವಣೆಯಲ್ಲಿ. 1984ರಲ್ಲಿ ನಗರದ ಕಲಾ ಸಂಗ್ರಹಾಲಯ ಅಲ್ಲಿಗೆ ಬಂತು, 1989ರಲ್ಲಿ ಐ. ಎಂ. ಪೇ ವಿನ್ಯಾಸದ ಸಂಗೀತ ಭವನ, 2003ರಲ್ಲಿ ನ್ಯಾಶರ್ ಕೇಂದ್ರ, 2009ರಲ್ಲಿ ಒಂದು ಒಪೆರಾ ಭವನ ಮತ್ತು ಒಂದು ರಂಗಮಂದಿರ, 2012ರಲ್ಲಿ ಹೆದ್ದಾರಿಯ ನೆತ್ತಿಯ ಮೇಲೆಯೇ ಹಾಸಿದ ಉದ್ಯಾನ. ಇಷ್ಟೆಲ್ಲ ಬಂದ ಮೇಲೆ ಅಲ್ಲಿ ವಾಸಿಸಬೇಕೆಂಬ ಆಸೆ ಹಣವಿದ್ದವರಿಗೆ ಹುಟ್ಟುವುದು ಸಹಜ, ಆ ಆಸೆಯನ್ನು ನಾನು ತಪ್ಪೆನ್ನಲಾರೆ. ಗೋಪುರಕ್ಕೆ ಹೆಸರು ಕೊಟ್ಟಿದ್ದು ಪಕ್ಕದ ಸಂಗ್ರಹಾಲಯಗಳು. ಅದರ ಮನೆಗಳಿಗೆ ಬೆಲೆ ತಂದುಕೊಟ್ಟಿದ್ದೂ ಅವೇ. ಕಿಟಕಿಯಿಂದ ಕೆಳಗೆ ನೋಡಿದರೆ ರೋಡಿನ್, ಮೂರ್, ಸೆರಾ ಅವರ ಕೃತಿಗಳಿರುವ ಹಸಿರು ತೋಟ ಕಾಣಬೇಕೆಂಬುದೇ ಆ ಮನೆಗಳ ಹೆಚ್ಚುಗಾರಿಕೆ. ಆ ತೋಟವನ್ನೇ ಆ ಕಿಟಕಿಗಳ ಗಾಜು ಸುಡತೊಡಗಿತು ಎನ್ನುವುದು ಈ ಕಟ್ಟಡದ ಕಥೆಯಲ್ಲಿ ನನ್ನನ್ನು ಇಂದಿಗೂ ಬಿಡದೆ ಕಾಡುವ ಭಾಗ.

ಹಾನಿ ಎಂಥದೆಂದು ತಿಳಿಯಬೇಕಾದರೆ ಆ ಶಿಲ್ಪಕೇಂದ್ರದ ಮಾಡು ಏನೆಂದು ಮೊದಲು ತಿಳಿಯಬೇಕು. ರೇಮಂಡ್ ನ್ಯಾಶರ್ ಅಂಗಡಿ ಸಮುಚ್ಚಯ ಕಟ್ಟಿ ಹಣ ಮಾಡಿದವರು. 1965ರಲ್ಲಿ ಡಲ್ಲಾಸಿನಲ್ಲಿ ತಾವು ಕಟ್ಟಿಸಿದ ದೊಡ್ಡ ಮಳಿಗೆಯಲ್ಲಿ, ಬಟ್ಟೆಬರೆ ಕೊಳ್ಳಲು ಬಂದವರ ಕಣ್ಣಿಗೂ ಬೀಳಲೆಂದು, ಒಳ್ಳೆಯ ಶಿಲ್ಪಗಳನ್ನು ಇಡಿಸಿದವರು. ಅವರೂ ಅವರ ಹೆಂಡತಿ ಪ್ಯಾಟ್ಸಿಯೂ ಜೀವಮಾನವಿಡೀ ಕೂಡಿಸಿದ ಸಂಗ್ರಹಕ್ಕಾಗಿ ಇಟಲಿಯ ವಾಸ್ತುಶಿಲ್ಪಿ ರೆಂಜೊ ಪಿಯಾನೊ ಈ ಕಟ್ಟಡವನ್ನು ಮಾಡಿಕೊಟ್ಟರು. ಉದ್ದುದ್ದಕ್ಕೆ ಸಮಾನಾಂತರವಾಗಿ ನಿಂತ ಕಲ್ಲಿನ ಗೋಡೆಗಳು, ಅವುಗಳ ನಡುವೆ ಬಿಲ್ಲಿನಂತೆ ಬಾಗಿದ ಗಾಜಿನ ಮಾಡು. ಗಾಜಿನ ಮೇಲೆ ಎರಕ ಹೊಯ್ದ ಅಲ್ಯೂಮಿನಿಯಂನ ಜಾಲರಿಯೊಂದನ್ನು ಹೊದಿಸಿದ್ದಾರೆ. ಜಾಲರಿಯ ಒಂದೊಂದು ಕಣ್ಣೂ ಪುಟ್ಟ ಕೊಡೆಯಂತೆ ದಕ್ಷಿಣಕ್ಕೆ ಬೆನ್ನು ಹಾಕಿ ಉತ್ತರಕ್ಕೆ ಬಾಯಿ ತೆರೆದಿದೆ. ನೇರ ಬಿಸಿಲು ಆ ಬೆನ್ನಿಗೆ ಬಡಿದು ಹೊರಗೇ ಉಳಿಯುತ್ತದೆ. ಉತ್ತರದ ಆಕಾಶದ ಶಾಂತ ಬೆಳಕು ಮಾತ್ರ ಒಳಗಿಳಿಯುತ್ತದೆ. ಹಗಲು ದೀಪ ಹಚ್ಚದೆಯೇ ಶಿಲ್ಪವನ್ನು ಅದರ ನಿಜವಾದ ಬಣ್ಣದಲ್ಲಿ ನೋಡುವ ಭಾಗ್ಯ ಅದರಿಂದ ಸಿಗುತ್ತದೆ.

ಮಲೆನಾಡಿನಲ್ಲಿ ಬೆಳೆದವರಿಗೆ ಈ ಯೋಚನೆ ಹೊಸದಲ್ಲ. ಮಳೆಗಾಲಕ್ಕೆ ಮುಂಚೆ ನಾವು ಮನೆಯ ಪಡುವಣ ಬದಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದೆವು, ಮೂಡಣ ಜಗಲಿಯನ್ನು ತೆರೆದೇ ಬಿಡುತ್ತಿದ್ದೆವು. ಮುಂಗಾರಿನ ಇರಿಚಲು ಯಾವ ದಿಕ್ಕಿನಿಂದ ಹೊಡೆಯುತ್ತದೆಂಬುದು ಗೊತ್ತಿದ್ದುದರಿಂದ ಮನೆಯ ಎಲ್ಲ ಬದಿಗೂ ತಟ್ಟಿ ಬೇಕಾಗಿರಲಿಲ್ಲ. ಪಿಯಾನೊ ಅವರೂ ಹಾಗೆಯೇ ಸೂರ್ಯನ ದಾರಿಯನ್ನು ನಂಬಿ ಕಟ್ಟಿದರು. ಡಲ್ಲಾಸ್ ಇರುವುದು ಸುಮಾರು 33 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ನಡುಹಗಲಿನ ಸೂರ್ಯ ವರ್ಷದ ಯಾವ ದಿನವೂ ನೆತ್ತಿಯನ್ನು ದಾಟಿ ಉತ್ತರಕ್ಕೆ ಹೋಗುವುದಿಲ್ಲ. (ನಮ್ಮ ಶಿವಮೊಗ್ಗದಲ್ಲಿ ಇಂಥ ಮಾಡು ನಡೆಯುತ್ತಿರಲಿಲ್ಲ. 14 ಡಿಗ್ರಿಯ ಆಸುಪಾಸಿನಲ್ಲಿರುವ ನಮಗೆ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಆ ದಿನಗಳಲ್ಲಿ ಬಹುಪಾಲು ಮೋಡ ಮುಚ್ಚಿರುವುದರಿಂದ ಅದು ನಮ್ಮ ಗಮನಕ್ಕೆ ಬರುವುದಿಲ್ಲ, ಅಷ್ಟೆ.) ಸೂರ್ಯ ಹೋಗದ ದಿಕ್ಕಿನಿಂದಲೂ ಬಿಸಿಲು ಬರಬಹುದೆಂದು ಪಿಯಾನೊ ಎಣಿಸಿರಲಿಕ್ಕಿಲ್ಲ. ಎಣಿಸಬೇಕಾಗಿತ್ತು ಎಂದು ಈಗ ಹೇಳುವವರಿದ್ದಾರೆ. ಪಕ್ಕದ ಮನೆಯ ಗೋಡೆಯಿಂದ ಮಳೆ ಹೊಡೆಯುತ್ತದೆಂದು ಎಣಿಸಿ ನಮ್ಮಲ್ಲಿ ಯಾರೂ ತಟ್ಟಿ ಕಟ್ಟಿದ್ದನ್ನು ನಾನು ನೋಡಿಲ್ಲ.

ಗೋಪುರಕ್ಕೆ ಗಾಜು ಏರತೊಡಗಿದ ಮೇಲೆ ಆದದ್ದು ಅದೇ. ದಕ್ಷಿಣದ ಬಿಸಿಲು ಗಾಜಿಗೆ ಬಡಿದು, ಮರಳಿ ಕೆಳಗಿಳಿದು, ಜಾಲರಿಯ ತೆರೆದ ಬಾಯಿಗಳ ಮೂಲಕ ನೇರವಾಗಿ ಒಳಗೆ ಸುರಿಯಿತು. ಶಾಂತವಾಗಿರಬೇಕಾದ ಗೋಡೆಗಳ ಮೇಲೆ ಬೆಳಕಿನ ಚುಕ್ಕೆಗಳ ಬಲೆ ಹರಡಿಕೊಂಡಿತು. ಬಿಸಿಲಿಗೆ ಬಣ್ಣ ಮಾಸುವ, ಕಾಗದ ಹಳದಿಯಾಗುವ ಕೃತಿಗಳಿಗೆ ಇದು ನೇರ ಅಪಾಯ. ಹೊರಗೆ ತೋಟದಲ್ಲಿ ಹುಲ್ಲಿಗೂ ಗಿಡಗಳಿಗೂ ಬಿಸಿ ತಾಗುತ್ತಿದೆಯೆಂದು ಕೇಂದ್ರದವರು ದೂರಿದರು. 2012ರ ಹೊತ್ತಿಗೆ ಇದು ಇಡೀ ನಗರದ ಜಗಳವಾಯಿತು.

ಆ ತೋಟದ ಒಂದು ಮೂಲೆಯಲ್ಲಿ ಜೇಮ್ಸ್ ಟರೆಲ್ ಎಂಬ ಕಲಾವಿದ ‘ಟೆಂಡಿಂಗ್ (ಬ್ಲೂ)’ ಎಂಬ ಹೆಸರಿನ ಒಂದು ಕೋಣೆಯನ್ನು ಮಾಡಿದ್ದರು. ಒಳಗೆ ಗೋಡೆಗುಂಟ ಕಲ್ಲಿನ ಆಸನ, ಮಾಡಿನಲ್ಲಿ ಚೌಕಾಕಾರದ ಒಂದು ತೆರಪು, ಅಷ್ಟೇ. ಕುಳಿತು ಮೇಲೆ ನೋಡಿದರೆ ಆಕಾಶದ ಒಂದು ತುಂಡು ಬಿಟ್ಟು ಬೇರೇನೂ ಕಾಣಬಾರದು. ಆಗ ಆ ನೀಲಿ ಆಕಾಶ ದೂರದ್ದೆನ್ನಿಸದೆ, ಕೈಗೆಟಕುವ ಹಚ್ಚಡದಂತೆ ತೆರಪಿನಲ್ಲಿ ತಂಗುತ್ತದೆ. ಗೋಪುರ ಎದ್ದ ಮೇಲೆ ಆ ಚೌಕದೊಳಗೆ ಅದರ ತಲೆ ಕಾಣಿಸಿಕೊಂಡಿತು. ಟರೆಲ್ ತಮ್ಮ ಕೃತಿ ನಾಶವಾಯಿತೆಂದರು, ಕೋಣೆಯನ್ನು ಮುಚ್ಚಲಾಯಿತು. ಆ ಕೋಣೆಯನ್ನು ನಾನು ನೋಡಲಾಗಲಿಲ್ಲ. ಆದರೆ ಮಗಳು ಅದರ ಬಗ್ಗೆ ಹೇಳಿದಾಗ ಸಾಗರ ತಾಲ್ಲೂಕಿನ ನಮ್ಮ ಹಳೆಯ ಮನೆಯ ಅಡುಗೆಮನೆ ಕಣ್ಣಿಗೆ ಕಟ್ಟಿತು. ಮಂಗಳೂರು ಹಂಚಿನ ನಡುವೆ ಅಲ್ಲೊಂದು ಗಾಜಿನ ಹಂಚಿತ್ತು. ಹೊಗೆ ತುಂಬಿದ ಕತ್ತಲೆಯಲ್ಲಿ ಅದರಿಂದ ಇಳಿಯುವ ಬೆಳಕಿನ ಕೋಲು ಬೆಳಿಗ್ಗೆ ನೀರಿನ ಹಂಡೆಯ ಹತ್ತಿರ ಹುಟ್ಟಿ, ನೆಲದ ಮೇಲೆ ತೆವಳುತ್ತ, ಒರಳುಕಲ್ಲಿನ ಕುಳಿಯೊಳಗೆ ಇಳಿದಾಗ ಅಮ್ಮ ಅನ್ನಕ್ಕೆ ಎಸರಿಡುತ್ತಿದ್ದಳು. ಮಳೆಗಾಲ ಮುಗಿದೊಡನೆ ಅಪ್ಪಯ್ಯ ಏಣಿ ಹತ್ತಿ ಆ ಹಂಚಿನ ಪಾಚಿಯನ್ನು ತೆಂಗಿನ ನಾರಿನಿಂದ ಉಜ್ಜಿ ತೆಗೆಯುತ್ತಿದ್ದರು. ಒಂದು ಗೇಣು ಗಾಜಿನಿಂದ ಬರುವ ಬೆಳಕಿಗೆ ಒಂದು ಮನೆ ಎಷ್ಟು ಋಣಿಯಾಗಿರುತ್ತದೆಂಬುದನ್ನು ಕಂಡು ಬೆಳೆದ ನನಗೆ, ಟರೆಲ್ ಅವರ ಚೌಕ ಮುಚ್ಚಿದ್ದು ಶ್ರೀಮಂತರ ಊರಿನ ಸಣ್ಣ ಸುದ್ದಿಯಾಗಿ ಕಾಣಲಿಲ್ಲ.

ಮರಳಿದ ಬಿಸಿಲಿಗೆ ತೋಟ ಸುಡುತ್ತದೆ ಎಂಬ ಮಾತು ಉತ್ಪ್ರೇಕ್ಷೆ ಎಂದು ವಾದಿಸಿದವರೂ ಇದ್ದರಂತೆ. ಅಡಿಕೆ ಬೆಳೆಯುವ ಯಾರೂ ಹಾಗೆ ವಾದಿಸಲಾರರು. ಅಡಿಕೆ ಮರದ ಕಾಂಡ ಬಿಸಿಲಿಗೆ ಬಹಳ ಸೂಕ್ಷ್ಮ. ನೈಋತ್ಯದಿಂದ ಬೀಳುವ ಮಧ್ಯಾಹ್ನದ ನಂತರದ ಬಿಸಿಲು ನೇರವಾಗಿ ತಾಗಿದರೆ ಆ ಬದಿಯ ತೊಗಟೆ ಮೊದಲು ಹಳದಿಗೆ ತಿರುಗಿ, ಆಮೇಲೆ ಕಂದಾಗಿ, ಕೊನೆಗೆ ಉದ್ದಕ್ಕೆ ಸೀಳುತ್ತದೆ. ಅದಕ್ಕಾಗಿಯೇ ತೋಟದ ಪಡುವಣ ಬದಿಯಲ್ಲಿ ಎತ್ತರದ ಮರಗಳನ್ನು ಉಳಿಸಿಕೊಳ್ಳುತ್ತೇವೆ, ಎಳೆಯ ಮರಗಳಿಗೆ ಸೋಗೆ ಕಟ್ಟುತ್ತೇವೆ, ಕಾಂಡಕ್ಕೆ ಸುಣ್ಣ ಬಳಿಯುತ್ತೇವೆ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ತೋಟದ ಪಡುವಣದಲ್ಲಿದ್ದ ನೆರೆಯವರ ಹಕ್ಕಲಿನ ಮರಗಳನ್ನು ಅವರು ಮಗಳ ಮದುವೆಯ ಖರ್ಚಿಗೆಂದು ಕಡಿಸಿದರು. ಮರ ಅವರದ್ದು, ಜಾಗ ಅವರದ್ದು, ಮದುವೆಯ ಕಷ್ಟವೂ ನಿಜವಾದದ್ದೇ. ಮುಂದಿನ ಮಾರ್ಚ್ ಹೊತ್ತಿಗೆ ನಮ್ಮ ಅಂಚಿನ ಸಾಲಿನ ಹದಿನೇಳು ಮರಗಳ ಕಾಂಡದ ಮೇಲೆ ಕೈಯಗಲದ ಹಳದಿ ಪಟ್ಟೆ ಮೂಡಿತು. ಒಂದು ಸಂಜೆ ಅಪ್ಪಯ್ಯ ನೆರೆಯವರನ್ನು ಕರೆದುಕೊಂಡು ಬಂದು, ಬಾಯಿಬಿಟ್ಟು ಏನೂ ಹೇಳದೆ, ಅವರ ಅಂಗೈಯನ್ನು ಹಿಡಿದು ಆ ಪಟ್ಟೆಯ ಮೇಲೆ ಇಟ್ಟರು. ಕಾಂಡ ಇನ್ನೂ ಬಿಸಿಯಾಗಿತ್ತು. ಮರುದಿನ ನೆರೆಯವರು ತಮ್ಮ ಇಬ್ಬರು ಆಳುಗಳನ್ನು ಕರೆತಂದು, ತಮ್ಮ ತೋಟದ ಸೋಗೆಯನ್ನೇ ಹೊತ್ತು ತಂದು, ಅಂಚಿನ ಸಾಲಿಗೆಲ್ಲ ಕಟ್ಟಿಸಿದರು. ಆದರೂ ನಾಲ್ಕು ಮರಗಳು ಉಳಿಯಲಿಲ್ಲ. ಸೀಳಿದ ಜಾಗದಲ್ಲಿಯೇ ಮೂರು ವರ್ಷದ ನಂತರ ಗಾಳಿಗೆ ಮುರಿದುಬಿದ್ದವು.

ಡಲ್ಲಾಸಿನ ಜಗಳದಲ್ಲಿ ಕೈ ಹಿಡಿದು ತೋರಿಸಬೇಕಾದ ವ್ಯಕ್ತಿ ಯಾರೆಂಬುದೇ ಕಠಿಣವಾದ ಪ್ರಶ್ನೆಯಾಗಿತ್ತು. ಇಂಥ ಗೋಪುರದ ಹಿಂದೆ ಯಾರೋ ಕೋಟ್ಯಧಿಪತಿಯ ದುರಾಸೆ ಇರುತ್ತದೆಂದು ನಾನು ಭಾವಿಸಿದ್ದೆ. ಅದರ ಒಡೆತನ ಇದ್ದದ್ದು ಡಲ್ಲಾಸಿನ ಪೊಲೀಸರ ಮತ್ತು ಅಗ್ನಿಶಾಮಕ ಸಿಬ್ಬಂದಿಯ ಪಿಂಚಣಿ ನಿಧಿಯ ಕೈಯಲ್ಲಿ ಎಂದು ತಿಳಿದಾಗ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆ. ಸುಮಾರು 20 ಕೋಟಿ ಡಾಲರ್‌ನ ಆ ಯೋಜನೆ ಗೆದ್ದರೆ ಅದರ ಲಾಭ ಬೆಂಕಿಯೊಳಗೆ ನುಗ್ಗಿ ಜನರನ್ನು ಹೊತ್ತು ತಂದವರ ಮುಪ್ಪಿಗೆ ಹೋಗಬೇಕಾಗಿತ್ತು. ಕಾಲೇಜಿನ ಮೇಷ್ಟರ ಕೆಲಸದಿಂದ ನಿವೃತ್ತನಾಗಿ ತಿಂಗಳ ಪಿಂಚಣಿಯಲ್ಲಿ ಬದುಕುವ ನಾನು ಆ ಜನರ ಮೇಲೆ ಸಿಟ್ಟು ಮಾಡುವುದು ಹೇಗೆ? ನಿಧಿಯ ಸ್ಥಿತಿ ಆಮೇಲೆ ಹದಗೆಟ್ಟಿತು. ಆಸ್ತಿಗಳಲ್ಲಿ ತೊಡಗಿಸಿದ ಹಣದ ಲೆಕ್ಕ ಕುಸಿಯಿತು, 2016ರಲ್ಲಿ ಹೆದರಿದ ಸದಸ್ಯರು ಕೆಲವೇ ತಿಂಗಳುಗಳಲ್ಲಿ ಸುಮಾರು 50 ಕೋಟಿ ಡಾಲರ್ ಹಣವನ್ನು ಹಿಂತೆಗೆದುಕೊಂಡರು, 2017ರಲ್ಲಿ ಟೆಕ್ಸಸ್ ಶಾಸನಸಭೆ ಪಿಂಚಣಿಯ ಸೌಲಭ್ಯಗಳನ್ನು ಕಡಿತಗೊಳಿಸುವ ಕಾನೂನು ತರಬೇಕಾಯಿತು. ಗೋಪುರವೊಂದೇ ಇದಕ್ಕೆ ಕಾರಣವಲ್ಲ, ಆದರೆ ದುಡಿದವರ ಮುಪ್ಪನ್ನು ಐಷಾರಾಮಿ ಮನೆಗಳ ಮಾರಾಟಕ್ಕೆ ಕಟ್ಟಿಹಾಕಿದ ಆ ಲೆಕ್ಕಾಚಾರವೇ ನನಗೆ ಮೊದಲ ತಪ್ಪಾಗಿ ಕಾಣುತ್ತದೆ.

ಮೇಯರ್ ಆಗಿದ್ದ ಮೈಕ್ ರಾಲಿಂಗ್ಸ್ ಒಬ್ಬ ಹಿರಿಯ ವಕೀಲರನ್ನು ಸಂಧಾನಕ್ಕೆ ನೇಮಿಸಿದರು. ಗೋಪುರದ ಗಾಜಿನ ಹೊರಗೆ ಬಿಸಿಲು ತಡೆಯುವ ಪಟ್ಟಿಗಳನ್ನು ಹಾಕಿಸಬೇಕೆಂದು ಶಿಲ್ಪಕೇಂದ್ರದವರು ಕೇಳಿದರು. ಮಾಡಿನ ಜಾಲರಿಯನ್ನೇ ಬದಲಿಸಿಕೊಳ್ಳಿ ಎಂದು ಗೋಪುರದ ಕಡೆಯವರು ಹೇಳಿದರು. ಕಟ್ಟಡದ ಹೊರಮೈಗೆ ಪಟ್ಟಿ ಹಾಕಿದರೆ ಮನೆಯೊಳಗಿನ ನೋಟ ಕೆಟ್ಟು ಮಾರಾಟಕ್ಕೆ ಪೆಟ್ಟು ಬೀಳುತ್ತದೆಂಬ ಆತಂಕ ಒಂದು ಕಡೆಗಿದ್ದರೆ, ಎಂಟೊಂಬತ್ತು ವರ್ಷ ಸರಿಯಾಗಿ ಕೆಲಸ ಮಾಡಿದ ಮಾಡನ್ನು ನಂತರ ಬಂದವರಿಗಾಗಿ ಏಕೆ ಕಿತ್ತುಹಾಕಬೇಕೆಂಬ ಪ್ರಶ್ನೆ ಇನ್ನೊಂದು ಕಡೆಗಿತ್ತು. ಸಂಧಾನ ಫಲ ಕೊಡಲಿಲ್ಲ. ಈ ವಿಷಯದಲ್ಲಿ ನಾನು ತಟಸ್ಥನಲ್ಲ. ಜಾಲರಿ ಬದಲಿಸಿದರೆ ಆಗುವುದೇನು? ಉತ್ತರದ ಬಾಯಿಯನ್ನೂ ಮುಚ್ಚಬೇಕಾಗುತ್ತದೆ. ಮುಚ್ಚಿದ ಮೇಲೆ ಅದು ಬೆಳಕಿನ ಮಾಡಾಗಿ ಉಳಿಯುವುದಿಲ್ಲ. ಪೆಟ್ಟು ತಿಂದವನೇ ತನ್ನ ಬಾಗಿಲು ಹಾಕಿಕೊಳ್ಳಬೇಕೆನ್ನುವ ಈ ಸಲಹೆಯನ್ನು ಎಷ್ಟೇ ಮೃದುವಾಗಿ ಹೇಳಿದರೂ ನನಗೆ ಒಪ್ಪಲು ಸಾಧ್ಯವಾಗಿಲ್ಲ. ನಮ್ಮ ಊರುಗಳಲ್ಲಿ ಮನೆ ಕಟ್ಟುವಾಗ ಸೂರಿನ ನೀರು ಎಲ್ಲಿ ಬೀಳುತ್ತದೆಂದು ಮೊದಲು ನೋಡುತ್ತಾರೆ. ನಮ್ಮ ಸೂರಿನ ನೀರು ನಮ್ಮ ಜಾಗದಲ್ಲಿಯೇ ಬೀಳಬೇಕು. ಪಕ್ಕದವನ ಅಂಗಳಕ್ಕೆ ಬಿದ್ದರೆ, ಅವನು ತನ್ನ ಅಂಗಳವನ್ನು ಎತ್ತರಿಸಿಕೊಳ್ಳಲಿ ಎಂದು ಹೇಳುವ ಧೈರ್ಯ ಯಾರಿಗೂ ಇರುವುದಿಲ್ಲ. ಗಾಜಿನಿಂದ ಬೀಳುವ ಬಿಸಿಲನ್ನೂ ನಾನು ಸೂರಿನ ನೀರೆಂದೇ ಎಣಿಸುತ್ತೇನೆ.

ಸರಿಪಡಿಸಲು ಆಗದ ಕೆಲಸವೇನೂ ಅದಲ್ಲ. ಲಾಸ್ ಏಂಜಲೀಸ್‌ನಲ್ಲಿ ಫ್ರಾಂಕ್ ಗೆರಿ ಕಟ್ಟಿದ ಡಿಸ್ನಿ ಸಂಗೀತ ಭವನದ ಹೊಳೆಯುವ ಉಕ್ಕಿನ ಹಾಳೆಗಳು ಎದುರಿನ ವಸತಿ ಕಟ್ಟಡಗಳನ್ನು ಕಾಯಿಸಿದಾಗ, 2005ರಲ್ಲಿ ಆ ಹಾಳೆಗಳನ್ನು ಉಜ್ಜಿ ಮಂಕಾಗಿಸಿದರು. ಅಲ್ಲಿ ಕಲೆಯ ಮನೆಯೇ ವಾಸದ ಮನೆಗಳಿಗೆ ಕಾಟ ಕೊಟ್ಟಿತ್ತು, ಕಲೆಯ ಮನೆಯೇ ತಗ್ಗಿತು. ಲಂಡನ್ನಿನಲ್ಲಿ 2013ರಲ್ಲಿ ಒಳಬಾಗಿದ ಗಾಜಿನ ಗೋಪುರವೊಂದು ಕೆಳಗೆ ನಿಲ್ಲಿಸಿದ್ದ ಕಾರಿನ ಭಾಗಗಳನ್ನೇ ಕರಗಿಸಿತು; ಅದಕ್ಕೂ ಮುಂದಿನ ವರ್ಷ ಹೊರಗಿನಿಂದ ಬಿಸಿಲುತಡೆ ಹಾಕಿದರು. ಅದೇ ಲಂಡನ್ನಿನ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯದ ಪಕ್ಕದ ಗಾಜಿನ ಮನೆಗಳಲ್ಲಿ ವಾಸಿಸುವವರು, ಸಂಗ್ರಹಾಲಯದ ಹತ್ತನೆಯ ಮಹಡಿಯ ವೀಕ್ಷಣಾ ಕಟ್ಟೆಯಿಂದ ಜನ ತಮ್ಮ ಮನೆಯೊಳಗೆ ಇಣುಕುತ್ತಾರೆಂದು ನ್ಯಾಯಾಲಯಕ್ಕೆ ಹೋಗಿ ಎರಡು ಹಂತಗಳಲ್ಲಿ ಸೋತರು; ಆದರೆ 2023ರ ಫೆಬ್ರವರಿಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಮೂರು-ಎರಡರ ಬಹುಮತದಿಂದ ಅವರ ಪರವಾಗಿ ತೀರ್ಪು ಕೊಟ್ಟಿತು. ನೋಟಕ್ಕೇ ಇಷ್ಟು ತೂಕ ಸಿಗುವುದಾದರೆ ಬಿಸಿಲಿನ ಬಗ್ಗೆ ಏನು ಹೇಳೋಣ? ನಮ್ಮ 1882ರ ಈಸ್‌ಮೆಂಟ್ ಕಾಯ್ದೆ ಒಂದು ಕಿಟಕಿಗೆ 20 ವರ್ಷ ಅಡೆತಡೆಯಿಲ್ಲದೆ ಬಂದ ಬೆಳಕನ್ನು ಹಕ್ಕೆಂದು ಒಪ್ಪುತ್ತದೆ. ಬೆಳಕು ತಪ್ಪಿಹೋಗುವ ಕಷ್ಟವನ್ನು ಬರೆದಿಟ್ಟುಕೊಂಡ ಆ ಕಾಲದವರಿಗೆ, ಬೆಳಕೇ ಬಂದು ಮೇಲೆ ಬೀಳುವ ಕಾಲ ಬರುತ್ತದೆಂದು ಹೇಗೆ ಗೊತ್ತಾಗಬೇಕು!

ಶಿವಮೊಗ್ಗಕ್ಕೆ ಮರಳಿದ ಮೇಲೆ ಈ ಎಲ್ಲವನ್ನೂ ಬರೆಯಲು ನನ್ನ ಮನೆಯ ಜಗಲಿಯೇ ಕಾರಣವಾಯಿತು. ನಮ್ಮದು ಪೂರ್ವಕ್ಕೆ ಮುಖ ಮಾಡಿದ ಮನೆ. ಮಧ್ಯಾಹ್ನ ಎರಡರ ನಂತರ ಮನೆಯ ನೆರಳು ಮುಂದಿನ ಅಂಗಳದ ಮೇಲೆ ಬೀಳುವುದರಿಂದ ನನ್ನ ಹೆಂಡತಿ ಅಲ್ಲಿ ಇಪ್ಪತ್ತೈದು ವರ್ಷಗಳಿಂದ ಆಂಥೂರಿಯಂ ಬೆಳೆಸಿದ್ದಾಳೆ. ಕಳೆದ ಫೆಬ್ರವರಿಯಲ್ಲಿ ರಸ್ತೆಯ ಎದುರು ಬದಿಗೆ ನಾಲ್ಕು ಮಹಡಿಯ ವಾಣಿಜ್ಯ ಕಟ್ಟಡ ಎದ್ದು, ಅದರ ಮುಂಭಾಗಕ್ಕೆ ನೀಲಿ ಗಾಜು ಬಂತು. ಒಂದು ವಾರದೊಳಗೆ ಮುಂದಿನ ಸಾಲಿನ ಕುಂಡಗಳ ಎಲೆಗಳ ಅಂಚು ಕಂದಿತು, ಆಮೇಲೆ ಎಲೆಯ ನಡುವೆ ಕಾಗದ ಸುಟ್ಟಂತೆ ದುಂಡನೆಯ ಕಲೆಗಳು ಮೂಡಿದವು. ‘ನೀರು ಹೆಚ್ಚಾಯ್ತೋ ಏನೋ’ ಎಂದು ಅವಳು ನಾಲ್ಕು ದಿನ ನೀರು ಕಡಿಮೆ ಮಾಡಿ ನೋಡಿದಳು. ನಾನು ನಾಲ್ಕು ಗಂಟೆಗೆ ಅಂಗಳಕ್ಕೆ ಇಳಿದು ನೆಲ ನೋಡಿದೆ. ನೆರಳಿರಬೇಕಾದ ಹೊತ್ತಿನಲ್ಲಿ ಕುಂಡಗಳ ನೆರಳು ಪಶ್ಚಿಮಕ್ಕೆ, ಸೂರ್ಯನ ಕಡೆಗೆ, ಜಗಲಿಯ ಮೆಟ್ಟಿಲು ಹತ್ತಿ ಮಲಗಿತ್ತು.

ಕಟ್ಟಡದ ಮಾಲೀಕರನ್ನು ಒಂದು ದಿನ ಅದೇ ಹೊತ್ತಿಗೆ ಚಹಾಕ್ಕೆ ಕರೆದೆ. ಅವರು ಅಂಗಳದಲ್ಲಿ ನಿಂತು, ಕೈಯನ್ನು ಹಣೆಗೆ ಅಡ್ಡ ಹಿಡಿದು, ತಮ್ಮದೇ ಕಟ್ಟಡವನ್ನು ಸ್ವಲ್ಪ ಹೊತ್ತು ನೋಡಿದರು. ‘ಒಳಗಡೆಯಿಂದ ಏನೂ ಗೊತ್ತಾಗಲ್ಲ ಸಾರ್’ ಎಂದರು. ಗಾಜು ಬದಲಿಸುವ ಖರ್ಚನ್ನು ಹೇಳಿದರು. ಅದು ಸುಳ್ಳೆಂದು ನನಗೆ ಅನ್ನಿಸಲಿಲ್ಲ. ಹೋಗುವ ಮುಂಚೆ ಸುಟ್ಟ ಎಲೆಯೊಂದನ್ನು ಮುಟ್ಟಿ ನೋಡಿದರು. ಹತ್ತು ದಿನ ಕಳೆದ ಮೇಲೆ ಅಡಿಕೆ ಸಸಿಮಡಿಗೆ ಕಟ್ಟುವ ಹಸಿರು ಶೇಡ್ ನೆಟ್ಟಿನ ಎರಡು ಸುರುಳಿಗಳನ್ನು ತರಿಸಿ ಎರಡನೆಯ ಮತ್ತು ಮೂರನೆಯ ಮಹಡಿಯ ಗಾಜಿನ ಮುಂದೆ ಇಳಿಬಿಡಿಸಿದರು. ನಾಲ್ಕನೆಯ ಮಹಡಿಯ ಬಾಡಿಗೆದಾರರು ಬೋರ್ಡ್ ಮರೆಯಾಗುತ್ತದೆಂದು ಒಪ್ಪಲಿಲ್ಲ. ಆ ಗಾಜಿನ ಬಿಸಿಲು ನಾಲ್ಕೂಕಾಲಿಗೆ ಬಂದು ಐದಕ್ಕೆ ಹೋಗುತ್ತದೆ. ಅದಕ್ಕೆ ಸಿಗುವ ಏಳು ಕುಂಡಗಳನ್ನು ದಿನಾಲೂ ಊಟವಾದ ಮೇಲೆ ನಾವಿಬ್ಬರೂ ಸೇರಿ ಗೋಡೆಯ ಬುಡಕ್ಕೆ ಎತ್ತಿಡುತ್ತೇವೆ.